ಬೆಸ್ಸಿ ಸ್ಮಿತ್: ಚಾಟನೂಗಾದ ಬೀದಿಯಿಂದ ಮೊದಲ ರೆಕಾರ್ಡಿನವರೆಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದ ಕಪ್ಪು ಜನರ ಹಾಡಿನ ಪ್ರಕಾರವಾದ ಬ್ಲೂಸ್ ಬಗ್ಗೆ ಗೆಳೆಯರ ಜೊತೆ ಮಾತಿಗೆ ಕೂತರೆ ಬೆಸ್ಸಿ ಸ್ಮಿತ್ ಹೆಸರು ಬಂದೇ ಬರುತ್ತದೆ. ಹೆಸರಿನ ಹಿಂದೆಯೇ ಅವೇ ಕೆಲವು ಪ್ರಶ್ನೆಗಳೂ ಬರುತ್ತವೆ. ಹೆಚ್ಚಿನವು ಅವರ ಶುರುವಿನ ದಿನಗಳ ಬಗ್ಗೆ. ನನಗೂ ಆ ದಿನಗಳ ಮೇಲೆ ಪ್ರೀತಿ ಜಾಸ್ತಿ. 1923ರಲ್ಲಿ ಒಂದು ರೆಕಾರ್ಡ್ ಕಂಪನಿ ಅವರನ್ನು ಬೆಳಕಿಗೆ ತಂದಿತು ಅಂತ ಸುಮಾರು ಕಡೆ ಓದಿದ್ದೇನೆ. ಆ ಹೊತ್ತಿಗೆ ಅವರು ಹನ್ನೊಂದು ವರ್ಷ ಸ್ಟೇಜಿನ ಮೇಲೆ ಕಳೆದಿದ್ದರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಬೀದಿಯಲ್ಲಿ ಹಾಡಿದ್ದರು. ಸಾವಿರಾರು ಜನ ದುಡ್ಡು ಕೊಟ್ಟು ಅವರನ್ನು ಕೇಳಿ ಆಗಿತ್ತು. ಈ ಹಿಂದಿನ ಕಥೆ ಗೊತ್ತಾದರೆ ಅವರ ಹಾಡು ಬೇರೆಯೇ ರೀತಿ ಕೇಳಿಸುತ್ತದೆ. ಅದಕ್ಕೇ ಈ ಪುಟ.

ಬೆಸ್ಸಿ ಸ್ಮಿತ್ ಯಾರು?

ಅಮೆರಿಕದ ಕಪ್ಪು ಸಮುದಾಯದ ಗಾಯಕಿ. 1920ರ ದಶಕದಲ್ಲಿ ಅವರಷ್ಟು ಜನಪ್ರಿಯರಾದ ಬ್ಲೂಸ್ ಗಾಯಕಿ ಇನ್ನೊಬ್ಬರಿರಲಿಲ್ಲ. ಜನ ಅವರನ್ನು 'ಬ್ಲೂಸ್ ಸಾಮ್ರಾಜ್ಞಿ' ಅಂತ ಕರೆದರು. 1937ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಇಲ್ಲಿ ಹೇಳುವುದೆಲ್ಲ ಅದಕ್ಕಿಂತ ಬಹಳ ಹಿಂದಿನ ಮಾತು.

ಹುಟ್ಟಿದ್ದು 1892ರಲ್ಲೋ 1894ರಲ್ಲೋ? ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ.

ಎರಡಕ್ಕೂ ಕಾರಣ ಇದೆ. 1900ರ ಜನಗಣತಿಯವರಿಗೆ ತಾಯಿ ಲಾರಾ ಹೇಳಿದ್ದು 1892ರ ಜುಲೈ. ನಂತರದ ದಾಖಲೆಗಳಲ್ಲಿ ಇರುವುದು 1894ರ ಏಪ್ರಿಲ್ 15. ಬೆಸ್ಸಿ ಮತ್ತು ಮನೆಯವರು ಹುಟ್ಟುಹಬ್ಬ ಅಂತ ನೆನಪಿಟ್ಟುಕೊಂಡದ್ದು ಈ ಎರಡನೆಯದನ್ನೇ. ಆ ಕಾಲದಲ್ಲಿ ದಕ್ಷಿಣದ ಬಡ ಕಪ್ಪು ಮನೆಗಳಲ್ಲಿ ಹೆರಿಗೆಯನ್ನು ಯಾರೂ ಬರೆದಿಡುತ್ತಿರಲಿಲ್ಲ. ಈ ಪುಟದಲ್ಲಿ ನಾನು 1894 ಅಂತಲೇ ಇಟ್ಟುಕೊಂಡು ವಯಸ್ಸು ಲೆಕ್ಕ ಹಾಕಿದ್ದೇನೆ.

ಊರಿನ ಬಗ್ಗೆ ಮಾತ್ರ ಗೊಂದಲವಿಲ್ಲ. ಟೆನ್ನೆಸ್ಸಿ ರಾಜ್ಯದ ಚಾಟನೂಗಾ.

ಹಾಡೋಕೆ ಶುರು ಮಾಡಿದ್ದು ಹೇಗೆ?

ಹೊಟ್ಟೆಪಾಡಿಗೆ. ಇದನ್ನು ನೇರವಾಗಿಯೇ ಹೇಳಬೇಕು.

ಅಪ್ಪ ವಿಲಿಯಂ ಸ್ಮಿತ್ ಕೂಲಿ ಕೆಲಸ ಮಾಡುತ್ತಿದ್ದರು. ಬಿಡುವಾದಾಗ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೋಧನೆಯೂ ಮಾಡುತ್ತಿದ್ದರು. ಬೆಸ್ಸಿಗೆ ಬುದ್ಧಿ ತಿಳಿಯುವ ಮೊದಲೇ ಅವರು ತೀರಿಹೋದರು. ಹುಡುಗಿಗೆ ಒಂಬತ್ತು ವರ್ಷ ಆಗುವಷ್ಟರಲ್ಲಿ ಅಮ್ಮನೂ ಇಲ್ಲ, ಒಬ್ಬ ಅಣ್ಣನೂ ಇಲ್ಲ. ಉಳಿದ ಮಕ್ಕಳನ್ನು ಸಾಕಿದ್ದು ಅಕ್ಕ ವಯೋಲಾ. ಮನೆ ಬ್ಲೂ ಗೂಸ್ ಹಾಲೊ ಎಂಬ ಬಡವರ ಕೇರಿಯಲ್ಲಿತ್ತು. ಒಂದು ರೂಮಿನ ಗುಡಿಸಲು.

ಬೆಸ್ಸಿ ಮತ್ತು ಅಣ್ಣ ಆಂಡ್ರ್ಯೂ ಬೀದಿಗೆ ಇಳಿದರು. ಅವನ ಕೈಯಲ್ಲಿ ಗಿಟಾರ್. ಇವಳು ಹಾಡುತ್ತಿದ್ದಳು, ಕುಣಿಯುತ್ತಿದ್ದಳು. ಅವರ ಖಾಯಂ ಜಾಗ ಎಂದರೆ ಹದಿಮೂರನೇ ಬೀದಿ ಮತ್ತು ಎಲ್ಮ್ ಬೀದಿ ಸೇರುವ ಮೂಲೆ. ಅಲ್ಲೊಂದು ಹೆಂಡದಂಗಡಿ ಇತ್ತು, ಹೆಸರು ವೈಟ್ ಎಲಿಫೆಂಟ್. ಕಪ್ಪು ಜನರ ಬಡಾವಣೆಯ ಮಧ್ಯದ ಜಾಗ ಅದು. ಕೆಲಸ ಮುಗಿಸಿ ಬಂದವರು ಅಲ್ಲಿ ನಿಲ್ಲುತ್ತಿದ್ದರು, ಚಿಲ್ಲರೆ ಎಸೆಯುತ್ತಿದ್ದರು.

ಆ ಮೂಲೆಯನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಗಾಡಿಗಳು ಓಡಾಡುತ್ತಿವೆ. ಕುಡಿದವರು ಕೂಗಾಡುತ್ತಿದ್ದಾರೆ. ನಿಂತು ಕೇಳುವ ಹಂಗು ಯಾರಿಗೂ ಇಲ್ಲ. ಅಂಥ ಕಡೆ ನಡೆದು ಹೋಗುವವನ ಕಾಲು ನಿಲ್ಲಿಸಬೇಕು ಎಂದರೆ ಮೊದಲ ಸಾಲಿನಲ್ಲೇ ಅವನನ್ನು ಹಿಡಿಯಬೇಕು. ಮಾತು ಮಾತೂ ಕಿವಿಗೆ ಬೀಳಬೇಕು. ಬೆಸ್ಸಿಯ ಹಾಡಿನಲ್ಲಿ ಒಂದು ಅಕ್ಷರವೂ ನುಂಗಿಹೋಗುವುದಿಲ್ಲ, ನೂರು ವರ್ಷದ ಹಳೆ ರೆಕಾರ್ಡಿನ ಗೊರಗೊರ ಸದ್ದಿನಲ್ಲೂ ಪದ ಸ್ಪಷ್ಟ. ಆ ಗುಣ ಬಂದಿದ್ದು ಈ ಮೂಲೆಯಿಂದ ಅಂತ ನಾನು ನಂಬಿದ್ದೇನೆ.

ಸಂಗೀತ ಪಾಠ ಯಾರಿಂದ ಆಯಿತು?

ಮೇಷ್ಟ್ರ ಮುಂದೆ ಕೂತು ಕಲಿತದ್ದು ಅಂತ ಇಲ್ಲ. ಸುತ್ತಲೂ ಚರ್ಚಿನ ಹಾಡು, ಬೀದಿಯ ಹಾಡು ಇದ್ದವು. ಊರಿಗೆ ಬಂದು ಹೋಗುವ ಕಂಪನಿಗಳ ಹಾಡೂ ಇತ್ತು. ಇಷ್ಟೇ ಅವರ ಪಾಠಶಾಲೆ.

ಮನೆಯಲ್ಲಿ ಮೊದಲು ಸ್ಟೇಜ್ ಹತ್ತಿದ್ದು ಬೆಸ್ಸಿ ಅಲ್ಲವಂತೆ, ಹೌದಾ?

ಹೌದು, ದೊಡ್ಡಣ್ಣ ಕ್ಲಾರೆನ್ಸ್. ಕುಣಿತ, ಹಾಸ್ಯ ಎರಡರಲ್ಲೂ ಅವನು ಚುರುಕು. 1904ರಲ್ಲಿ ಮೋಸಸ್ ಸ್ಟೋಕ್ಸ್ ಅವರ ಸಣ್ಣ ಸಂಚಾರಿ ಕಂಪನಿ ಸೇರಿಕೊಂಡು ಮನೆ ಬಿಟ್ಟ. ತಂಗಿಗೆ ಒಂದು ಮಾತೂ ಹೇಳದೆ ಹೋದ. ಹೇಳಿದ್ದರೆ ಅವಳೂ ಹೊರಟು ನಿಲ್ಲುತ್ತಿದ್ದಳು, ಆದರೆ ಅವಳಿಗೆ ಆಗ ಇನ್ನೂ ಹತ್ತು ವರ್ಷ. ಇದನ್ನು ಮುಂದೆ ನೆನಪಿಸಿಕೊಂಡು ಹೇಳಿದವರು ಕ್ಲಾರೆನ್ಸನ ಹೆಂಡತಿ ಮಾಡ್.

ಎಂಟು ವರ್ಷ ಆದ ಮೇಲೆ, 1912ರಲ್ಲಿ, ಅದೇ ಕಂಪನಿಯ ಜೊತೆ ಕ್ಲಾರೆನ್ಸ್ ಚಾಟನೂಗಾಕ್ಕೆ ಬಂದ. ಈ ಸಲ ತಂಗಿಯನ್ನು ಮರೆಯಲಿಲ್ಲ. ಕಂಪನಿಯ ಯಜಮಾನರ ಮುಂದೆ ಅವಳನ್ನು ನಿಲ್ಲಿಸಿದ. ಬೆಸ್ಸಿಗೆ ಕೆಲಸ ಸಿಕ್ಕಿತು.

ಹಾಡೋಕೆ ತಗೊಂಡರಾ?

ಇಲ್ಲ, ಕುಣಿಯೋಕೆ. ಗಾಯಕಿ ಕಂಪನಿಯಲ್ಲಿ ಆಗಲೇ ಇದ್ದರು. ಅವರು ಮಾ ರೇನಿ.

ಇದನ್ನು ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಬ್ಲೂಸ್ ಚರಿತ್ರೆಯ ಇಬ್ಬರು ದೊಡ್ಡ ಹೆಣ್ಣುಮಕ್ಕಳು ಒಂದೇ ಸಣ್ಣ ಕಂಪನಿಯಲ್ಲಿ ಇದ್ದಾರೆ. ಒಬ್ಬರು ಮುಂದೆ ನಿಂತು ಹಾಡುತ್ತಿದ್ದಾರೆ, ಇನ್ನೊಬ್ಬಳು ಹಿಂದೆ ಕೋರಸ್ ಸಾಲಿನಲ್ಲಿ ಕುಣಿಯುತ್ತಿದ್ದಾಳೆ.

ಮಾ ರೇನಿ ಬೆಸ್ಸಿಯನ್ನು ಕದ್ದುಕೊಂಡು ಹೋಗಿ ಹಾಡು ಕಲಿಸಿದರು ಎಂಬ ಕಥೆ ನಿಜವಾ?

ನಿಜ ಅಲ್ಲ. ಪುಟ್ಟ ಬೆಸ್ಸಿಯನ್ನು ಬೀದಿಯಿಂದ ಎತ್ತಿಕೊಂಡು ಹೋಗಿ ಟೆಂಟಿನಲ್ಲಿ ಇಟ್ಟುಕೊಂಡರು ಎಂಬ ಈ ಕಥೆ ಬಹಳ ವರ್ಷ ಓಡಾಡಿತು. ಮನೆಯವರೇ ಅದನ್ನು ಅಲ್ಲಗಳೆದಿದ್ದಾರೆ. 1912ರಲ್ಲಿ ಬೆಸ್ಸಿಗೆ ಹದಿನೆಂಟು ವರ್ಷ. ಅಣ್ಣನ ಮೂಲಕ, ತಮ್ಮದೇ ಇಷ್ಟದಿಂದ ಕಂಪನಿ ಸೇರಿದವರು. ಬೀದಿಯಲ್ಲಿ ಹಾಡಿ ಹಾಡಿ ಗಂಟಲು ಆಗಲೇ ತಯಾರಾಗಿತ್ತು.

ಹಾಗಂತ ಮಾ ರೇನಿಯಿಂದ ಏನೂ ಸಿಗಲಿಲ್ಲ ಅಂತ ಹೇಳಲಾರೆ. ಎಂಟು ವರ್ಷ ದೊಡ್ಡವರು, ಸ್ಟೇಜಿನಲ್ಲಿ ಪಳಗಿದವರು. ಸಭೆಯನ್ನು ಹೇಗೆ ಹಿಡಿಯಬೇಕು, ಸಾಲು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಉಡುಗೆ ಹೇಗಿರಬೇಕು ಎಂಬುದನ್ನು ಹತ್ತಿರದಿಂದ ನೋಡುವುದೂ ಒಂದು ಕಲಿಕೆ. ಇಬ್ಬರ ರೆಕಾರ್ಡುಗಳನ್ನೂ ಒಂದಾದ ಮೇಲೆ ಒಂದು ಕೇಳಿ. ಮಾ ರೇನಿಯದು ಹಳ್ಳಿಯ ಮಣ್ಣಿನ ದನಿ. ಬೆಸ್ಸಿಯದರಲ್ಲಿ ಅದೇ ಮಣ್ಣು ಇದೆ, ಜೊತೆಗೆ ಪಟ್ಟಣದ ಬೀದಿಯ ಬಿರುಸೂ ಇದೆ.

ಟೆಂಟ್ ಶೋ ಅಂದರೆ ಏನು? ಅಲ್ಲಿ ಬದುಕು ಹೇಗಿತ್ತು?

ಊರೂರು ತಿರುಗುವ ಕಂಪನಿ. ರೈಲಿನಲ್ಲಿ ಬಂದು ಬಯಲಿನಲ್ಲಿ ದೊಡ್ಡ ಡೇರೆ ಹಾಕುವುದು, ಒಂದೆರಡು ದಿನ ಆಟ ಆಡಿ ಕಿತ್ತುಕೊಂಡು ಮುಂದಿನ ಊರಿಗೆ ಹೋಗುವುದು. ಒಂದೇ ರಾತ್ರಿಯಲ್ಲಿ ಹಾಡು, ಕುಣಿತ, ಹಾಸ್ಯ, ದೊಂಬರಾಟ ಎಲ್ಲ ಇರುತ್ತಿತ್ತು. ದಕ್ಷಿಣದಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಕೂಲಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಕಂಪನಿಗಳೂ ಆ ಕಾಸಿನ ಹಿಂದೆಯೇ ಊರು ಬದಲಿಸುತ್ತಿದ್ದವು. ಡೇರೆಯೊಳಗೆ ಬಿಳಿಯರಿಗೆ ಒಂದು ಪಕ್ಕ, ಕಪ್ಪು ಜನರಿಗೆ ಇನ್ನೊಂದು ಪಕ್ಕ. ಕಾನೂನೇ ಹಾಗಿತ್ತು.

ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಹಿಂದೆ ಬ್ಯಾಂಡ್ ಬಾರಿಸುತ್ತಿದೆ, ಮುಂದೆ ತುಂಬಿದ ಡೇರೆ. ಕೊನೆಯ ಬೆಂಚಿನವನಿಗೂ ಹಾಡು ಮುಟ್ಟಬೇಕು, ಮಾರನೇ ದಿನಕ್ಕೂ ಗಂಟಲು ಉಳಿಯಬೇಕು. ಇದನ್ನು ವರ್ಷಗಟ್ಟಲೆ ಮಾಡಿದವರ ದನಿ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಬೆಸ್ಸಿಯೇ ಸಾಕ್ಷಿ.

ಬರೀ ಡೇರೆಯೂ ಅಲ್ಲ. 1913ರ ಸುಮಾರಿಗೆ ಅವರು ಅಟ್ಲಾಂಟಾ ನಗರದ '81' ಥಿಯೇಟರಿನಲ್ಲಿ ನೆಲೆ ಮಾಡಿಕೊಂಡರು. ಡಿಕೇಟರ್ ಬೀದಿಯಲ್ಲಿತ್ತು ಅದು. ಆಗ ಅವರನ್ನು ನೋಡಿದವರು ಹೇಳಿರುವಂತೆ ವಾರಕ್ಕೆ ಹತ್ತು ಡಾಲರ್ ಸಂಬಳ. ಜನ ಸ್ಟೇಜಿನ ಮೇಲೆ ಎಸೆಯುವ ದುಡ್ಡು ಬೇರೆ. ಥಿಯೇಟರಿನ ಹಿತ್ತಲಲ್ಲಿ ಹೊಸ ಹುಡುಗಿಯರಿಗೆ ಕುಣಿತ ಹೇಳಿಕೊಡುತ್ತಿದ್ದರಂತೆ. ಅಲ್ಲಿಂದಲೇ ದಕ್ಷಿಣದ ಊರುಗಳಿಗೆಲ್ಲ ಅವರ ಹೆಸರು ಹಬ್ಬಿತು.

ಬಣ್ಣ ಕಪ್ಪಾಯಿತು ಅಂತ ಕಪ್ಪು ಜನರ ಕಂಪನಿಯೇ ತೆಗೆದುಹಾಕಿತ್ತಾ?

ದುಃಖದ ವಿಷಯ, ಆದರೆ ನಡೆದದ್ದು. ಅರ್ವಿನ್ ಮಿಲ್ಲರ್ ಎಂಬ ನಿರ್ಮಾಪಕರ ಶೋದಲ್ಲಿ ಬೆಸ್ಸಿ ಕೋರಸ್ಸಿನಲ್ಲಿದ್ದರು. ತಿಳಿಗಂದು ಬಣ್ಣದ ಹುಡುಗಿಯರನ್ನು ಮೆರೆಸುವುದೇ ಆ ಶೋದ ಘೋಷಣೆ. ಬೆಸ್ಸಿ ಅದಕ್ಕೆ ಹೊಂದಲಿಲ್ಲ ಅಂತ ಹೊರಗೆ ಹಾಕಿದರು. ಇದನ್ನು ಮಿಲ್ಲರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅದೂ ಅವರು ದನಿಯನ್ನು ಬೈದದ್ದಲ್ಲ. ಹುಟ್ಟಾ ಗಾಯಕಿ ಅಂತ ಒಪ್ಪಿಕೊಂಡೇ ತೆಗೆದದ್ದು. ಕಪ್ಪಿನೊಳಗೂ ತಿಳಿಗಪ್ಪು ಮೇಲು, ಕಡುಗಪ್ಪು ಕೀಳು ಎಂಬ ಲೆಕ್ಕ ಇತ್ತು. ಆ ಲೆಕ್ಕ ನಮಗೇನೂ ಹೊಸದಲ್ಲ, ಅಲ್ವಾ?

ಮುಂದೆ ಬೆಸ್ಸಿ ತಮ್ಮದೇ ಕಂಪನಿ ಕಟ್ಟಿ ಹೊರಟಾಗ ಎಲ್ಲ ಪೋಸ್ಟರಿನಲ್ಲೂ ಅದೇ ಕಪ್ಪು ಮುಖ ದೊಡ್ಡದಾಗಿ ನಗುತ್ತಿತ್ತು.

ಇಷ್ಟು ಹೆಸರಿದ್ದರೂ ಮೊದಲ ರೆಕಾರ್ಡ್ ಬರೋಕೆ 1923 ಯಾಕಾಯಿತು?

1920ರವರೆಗೆ ಕಪ್ಪು ಗಾಯಕಿಯ ಬ್ಲೂಸ್ ರೆಕಾರ್ಡ್ ಮಾಡುವುದನ್ನು ಯಾವ ಕಂಪನಿಯೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಕೊಳ್ಳುವವರು ಯಾರಿದ್ದಾರೆ ಎಂಬ ಯೋಚನೆ ಅವರದು. 1920ರ ಆಗಸ್ಟ್ 10ರಂದು ಓಕೆ ಕಂಪನಿಗೆ ಮೇಮಿ ಸ್ಮಿತ್ 'ಕ್ರೇಜಿ ಬ್ಲೂಸ್' ಹಾಡಿದರು. ಹಾಡು ಬರೆದ ಪೆರಿ ಬ್ರ್ಯಾಡ್‌ಫರ್ಡ್ ಕಂಪನಿಯವರ ಬೆನ್ನು ಬಿದ್ದು ಒಪ್ಪಿಸಿದ್ದರು. ರೆಕಾರ್ಡ್ ಬಿಸಿ ದೋಸೆಯ ಹಾಗೆ ಹೋಯಿತು. ಆಮೇಲೆ ಎಲ್ಲ ಕಂಪನಿಗಳೂ ಬ್ಲೂಸ್ ಗಾಯಕಿಯರನ್ನು ಹುಡುಕಿಕೊಂಡು ಹೊರಟವು.

ಆದರೂ ಬೆಸ್ಸಿಗೆ ಬಾಗಿಲು ತೆರೆಯಲಿಲ್ಲ. ಓಕೆಯವರಿಗೆ ಅವರ ದನಿ ಒರಟು ಅನ್ನಿಸಿತು. ಕಪ್ಪು ಜನರೇ ನಡೆಸುತ್ತಿದ್ದ ಬ್ಲ್ಯಾಕ್ ಸ್ವಾನ್ ಕಂಪನಿಗೂ ಹಾಗೇ ಅನ್ನಿಸಿತು. ಹ್ಯಾರಿ ಪೇಸ್ ಅವರು ಕಟ್ಟಿದ ಕಂಪನಿ ಅದು. ಅಲ್ಲಿ ಎಥೆಲ್ ವಾಟರ್ಸ್ ಅವರ ನಯವಾದ ದನಿಗೆ ಜಾಗ ಸಿಕ್ಕಿತು. ಬ್ಲ್ಯಾಕ್ ಸ್ವಾನ್ ಬಗ್ಗೆ ನನಗೆ ಗೌರವ ಇದೆ. ಕಪ್ಪು ಸಮುದಾಯಕ್ಕೆ ಮರ್ಯಾದೆ ತರಬೇಕು ಎಂಬ ಆಸೆಯಿಂದ ಹುಟ್ಟಿದ ಕಂಪನಿ ಅದು. ಆದರೆ ಮರ್ಯಾದೆ ಎಂದರೆ ನಯನಾಜೂಕು ಎಂದುಕೊಂಡದ್ದರಿಂದ ಕೈಗೆ ಬಂದ ಬಂಗಾರ ಜಾರಿಹೋಯಿತು. ಅವರು ಒರಟು ಅಂದದ್ದನ್ನೇ ದಕ್ಷಿಣದ ಜನ ತಮ್ಮ ಮನೆಯ ದನಿ ಅಂತ ಗುರುತಿಸಿದ್ದರು.

1923ರ ಫೆಬ್ರವರಿಯಲ್ಲಿ ಏನಾಯಿತು?

ಆಗ ಬೆಸ್ಸಿ ಫಿಲಡೆಲ್ಫಿಯಾದಲ್ಲಿ ಇದ್ದರು. ಕೊಲಂಬಿಯಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಕಪ್ಪು ಜನರಿಗಾಗಿ ಮಾಡುವ ರೆಕಾರ್ಡುಗಳ ಹೊಣೆ ಫ್ರ್ಯಾಂಕ್ ವಾಕರ್ ಎಂಬವರದು. ಸುಮಾರು 1917ರಲ್ಲಿ ಅಲಬಾಮಾದ ಸೆಲ್ಮಾ ಊರಿನ ಒಂದು ಕುಡುಕರ ಅಡ್ಡೆಯಲ್ಲಿ ಬೆಸ್ಸಿಯ ಹಾಡು ಕೇಳಿದ್ದೆ, ಅದು ತಲೆಯಿಂದ ಹೋಗಿರಲಿಲ್ಲ ಅಂತ ವಾಕರ್ ಮುಂದೆ ಹೇಳುತ್ತಿದ್ದರು. ಪಿಯಾನೊ ನುಡಿಸುವ ಕ್ಲಾರೆನ್ಸ್ ವಿಲಿಯಮ್ಸ್ ಬೆಸ್ಸಿಯನ್ನು ನ್ಯೂಯಾರ್ಕಿಗೆ ಕರೆತಂದರು.

ಫೆಬ್ರವರಿ 15ರಂದು ಸ್ಟುಡಿಯೋಗೆ ಹೋದರು. ಆ ದಿನ ಏನೂ ಕೈಗೂಡಲಿಲ್ಲ. ಮತ್ತೆ ಮತ್ತೆ ಹಾಡಿದರೂ ಒಂದೂ ಬಳಸುವ ಹಾಗೆ ಬರಲಿಲ್ಲ. ಡೇರೆ ತುಂಬ ಜನರನ್ನು ಕುಣಿಸಿದ ಗಾಯಕಿ, ಮುಂದೆ ಒಬ್ಬ ಕೇಳುಗನೂ ಇಲ್ಲದ ಕೋಣೆಯಲ್ಲಿ ನಿಂತಿದ್ದಾರೆ. ಚಪ್ಪಾಳೆ ಇಲ್ಲ, ಮರುಮಾತಿಲ್ಲ. ಎದುರಿಗೆ ಇರುವುದು ತಗಡಿನ ಒಂದು ಕೊಳವೆ. ಆ ದಿನದ ಬೆಸ್ಸಿಯನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾರನೇ ದಿನ, ಫೆಬ್ರವರಿ 16, ಮತ್ತೆ ಬಂದರು. ಹಿಂದೆ ವಿಲಿಯಮ್ಸ್ ಪಿಯಾನೊ ಒಂದೇ. 'ಡೌನ್‌ಹಾರ್ಟೆಡ್ ಬ್ಲೂಸ್' ಮತ್ತು 'ಗಲ್ಫ್ ಕೋಸ್ಟ್ ಬ್ಲೂಸ್' ಆ ದಿನ ಬಂದವು. ಒಂದೇ ತಟ್ಟೆಯ ಎರಡು ಮಗ್ಗುಲು.

'ಡೌನ್‌ಹಾರ್ಟೆಡ್ ಬ್ಲೂಸ್' ಹೊಸ ಹಾಡೇನೂ ಅಲ್ಲ. ಆಲ್ಬರ್ಟಾ ಹಂಟರ್ ಮತ್ತು ಲವಿ ಆಸ್ಟಿನ್ ಎಂಬ ಇಬ್ಬರು ಹೆಂಗಸರು ಮಾಡಿದ ಹಾಡು. ಹಂಟರ್ ಅದನ್ನು 1922ರಲ್ಲೇ ರೆಕಾರ್ಡ್ ಮಾಡಿದ್ದರು. ಜನಕ್ಕೆ ಗೊತ್ತಿದ್ದ ಹಾಡನ್ನೇ ಬೆಸ್ಸಿ ಮತ್ತೆ ಹಾಡಿ ತಮ್ಮದು ಮಾಡಿಕೊಂಡರು. ಆರು ತಿಂಗಳಲ್ಲಿ ಸುಮಾರು 7,80,000 ಪ್ರತಿ ಹೋಯಿತು ಅಂತ ಲೆಕ್ಕ ಹೇಳುತ್ತಾರೆ. ಮುಳುಗುತ್ತಿದ್ದ ಕಂಪನಿಗೆ ಉಸಿರು ಬಂತು.

ಅಷ್ಟು ಮಾರಾಟದಲ್ಲಿ ಬೆಸ್ಸಿಗೆ ಎಷ್ಟು ಸಿಕ್ಕಿತು?

ತೆಗೆದುಕೊಂಡ ಒಂದೊಂದು ಹಾಡಿಗೆ 125 ಡಾಲರ್. ಅಷ್ಟೇ. ಎಷ್ಟು ಲಕ್ಷ ಮಾರಿದರೂ ಅದರ ಮೇಲೆ ಪಾಲು ಇಲ್ಲ. ಕರಾರು ಪತ್ರದಲ್ಲಿದ್ದ ರಾಯಧನದ ಸಾಲನ್ನೇ ಹೊಡೆದುಹಾಕಿದ್ದರು.

ಅದಕ್ಕೂ ಮೊದಲು ಇನ್ನೊಂದು ಪೆಟ್ಟು ಬಿದ್ದಿತ್ತು. ಅವರ ಸಂಭಾವನೆಯಲ್ಲಿ ಅರ್ಧದಷ್ಟು ವಿಲಿಯಮ್ಸ್ ಜೇಬಿಗೆ ಹೋಗುತ್ತಿತ್ತು. ಗೊತ್ತಾದ ಕೂಡಲೇ ಬೆಸ್ಸಿ, ಅವರನ್ನು ಮದುವೆಯಾಗಲಿದ್ದ ಜಾಕ್ ಗೀ ಇಬ್ಬರೂ ವಿಲಿಯಮ್ಸ್ ಕಚೇರಿಗೇ ನುಗ್ಗಿ ಆ ಒಪ್ಪಂದ ಬಿಡಿಸಿಕೊಂಡರು. ಆಮೇಲೆ ನೇರವಾಗಿ ಕೊಲಂಬಿಯಾ ಜೊತೆಗೇ ಹೊಸ ಕರಾರು. ವರ್ಷಕ್ಕೆ ಕನಿಷ್ಠ ಹನ್ನೆರಡು ಹಾಡು, 1,500 ಡಾಲರ್ ಖಾತ್ರಿ. ಬೀದಿಯಲ್ಲಿ ಚಿಲ್ಲರೆ ಆರಿಸಿದ ಹುಡುಗಿಗೆ ಅದು ದೊಡ್ಡ ಮೊತ್ತ. ಅದಕ್ಕೇ ಆ ಒಪ್ಪಂದ ಅನ್ಯಾಯದ್ದು ಅಂತ ಆಗ ಅನ್ನಿಸಿರಲಿಕ್ಕಿಲ್ಲ. ಈಗ ಲೆಕ್ಕ ಹಾಕಿದರೆ ಅನ್ಯಾಯವೇ.

ಮೇಮಿ ಸ್ಮಿತ್, ಕ್ಲಾರಾ ಸ್ಮಿತ್, ಟ್ರಿಕ್ಸಿ ಸ್ಮಿತ್, ಬೆಸ್ಸಿ ಸ್ಮಿತ್ ಅಕ್ಕತಂಗಿಯರಾ?

ಅಲ್ಲ. ನಾಲ್ವರೂ ಆ ಕಾಲದ ಬ್ಲೂಸ್ ಗಾಯಕಿಯರು, ಆದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. 1923ರ ಅಕ್ಟೋಬರಿನಲ್ಲಿ ಕ್ಲಾರಾ ಮತ್ತು ಬೆಸ್ಸಿ ಜೊತೆಯಾಗಿ ಹಾಡಿದ್ದು ಮಾತ್ರ ಉಂಟು.

ಕೊಳವೆಗೆ ಹಾಡುವುದು ಎಂದರೇನು?

1925ರವರೆಗೆ ರೆಕಾರ್ಡಿಂಗಿಗೆ ವಿದ್ಯುತ್ತೇ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಹಾಡಬೇಕು. ದನಿಯ ಒತ್ತಡಕ್ಕೆ ಕೊನೆಯಲ್ಲಿರುವ ಸೂಜಿ ಅಲುಗಿ ಮೇಣದ ಮೇಲೆ ಗೀರು ಕೊರೆಯುತ್ತದೆ. ಸಣ್ಣ ದನಿಯವರ ಹಾಡು ಮೂಡುವುದೇ ಕಷ್ಟ. ಡೇರೆಯಲ್ಲಿ ಪಳಗಿದ ಬೆಸ್ಸಿಯ ದನಿಗೆ ಅದು ಕಷ್ಟವಾಗಲಿಲ್ಲ. ಅದಕ್ಕೇ 1923ರ ರೆಕಾರ್ಡಿನಲ್ಲೂ ಅವರು ಎದುರಿಗೇ ನಿಂತ ಹಾಗೆ ಕೇಳಿಸುತ್ತಾರೆ.

1925ರ ಮೇ ತಿಂಗಳಲ್ಲಿ ಕೊಲಂಬಿಯಾ ಮೈಕ್ ಬಳಸಿ ರೆಕಾರ್ಡ್ ಮಾಡಲು ಹೊರಟಿತು. ಕೋಣೆ ಚಿಕ್ಕದಾದರೆ ಸದ್ದು ಚೆನ್ನಾಗಿ ಹಿಡಿಯುತ್ತದೆ ಅಂತ ಎಂಜಿನಿಯರುಗಳು ಸ್ಟುಡಿಯೋ ಒಳಗೇ ಬಟ್ಟೆಯ ಗುಡಾರ ಕಟ್ಟಿ ಇಳಿಬಿಟ್ಟರು. ಹಾಡು ನಡೆಯುತ್ತಿರುವಾಗಲೇ ಅದು ಕಳಚಿ ಎಲ್ಲರ ಮೇಲೆ ಬಿತ್ತು. ಬೆಸ್ಸಿ, ಬ್ಯಾಂಡಿನ ನಾಯಕ ಫ್ಲೆಚರ್ ಹೆಂಡರ್ಸನ್ ಮತ್ತು ಅವರ ವಾದ್ಯದವರು ಬಟ್ಟೆಯಡಿಯಿಂದ ತೆವಳಿಕೊಂಡು ಹೊರಬಂದರು. ಆ ಉಪಾಯ ಅಲ್ಲಿಗೇ ನಿಂತಿತು.

ಅವರ ಹಾಡಿಕೆಯಲ್ಲಿ ಅಂಥ ವಿಶೇಷ ಏನು? ನನಗೆ ಎಲ್ಲ ಬ್ಲೂಸೂ ಒಂದೇ ಥರ ಕೇಳಿಸುತ್ತದೆ.

ಮೊದಮೊದಲು ನನಗೂ ಹಾಗೇ ಇತ್ತು. ಬ್ಲೂಸಿನ ಚೌಕಟ್ಟು ಸರಳ. ಒಂದು ಸಾಲು ಹಾಡುವುದು, ಅದನ್ನೇ ಇನ್ನೊಮ್ಮೆ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಒಟ್ಟು ಹನ್ನೆರಡು ಆವರ್ತ. ಗಾಂಧಾರ, ನಿಷಾದಗಳನ್ನು ನೇರವಾಗಿ ಹಿಡಿಯದೆ ಸ್ವಲ್ಪ ಕೆಳಕ್ಕೆ ಜಗ್ಗಿ ಹಾಡುತ್ತಾರೆ. ನಮ್ಮ ಕಿವಿಗೆ ಇದು ಬೇಗ ಹಿಡಿಸುತ್ತದೆ, ಸ್ವರ ಅಲುಗಾಡುವುದು ನಮಗೆ ಅಭ್ಯಾಸ.

ಬೆಸ್ಸಿ ತುಂಬಾ ಸ್ವರ ಬಳಸುವುದಿಲ್ಲ. ನಾಲ್ಕೈದು ಸ್ವರದ ಸುತ್ತವೇ ಇರುತ್ತಾರೆ. ಒಂದು ಸ್ವರಕ್ಕೆ ಕೆಳಗಿನಿಂದ ನಿಧಾನಕ್ಕೆ ಹತ್ತಿ ಬರುತ್ತಾರೆ, ಮುಟ್ಟಿ ಒಂದಿಷ್ಟು ಇಳಿಯುತ್ತಾರೆ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿಯುತ್ತಾರೆ. ಎರಡನೇ ಸಲ ಅದೇ ಸಾಲು ಬಂದಾಗ ಒತ್ತು ಬೇರೆ ಪದದ ಮೇಲೆ ಬೀಳುತ್ತದೆ, ಅರ್ಥವೇ ಹೊರಳುತ್ತದೆ. ಅಳುವುದಿಲ್ಲ, ಅಂಗಲಾಚುವುದಿಲ್ಲ. ಆದದ್ದು ಹೀಗೆ ಅಂತ ಹೇಳುತ್ತಾರೆ. ಕೇಳುವವರ ಕಣ್ಣು ತೇವವಾಗುತ್ತದೆ.

ಹೆಸರು ಬಂದ ಮೇಲೆ ಏನಾಯಿತು?

1923ರ ಜೂನ್ 7ರಂದು ಜಾಕ್ ಗೀ ಜೊತೆ ಮದುವೆ. ಅದೇ ತಿಂಗಳು ದಕ್ಷಿಣಕ್ಕೆ ಹೊರಟು ಅಟ್ಲಾಂಟಾದ ಅದೇ '81' ಥಿಯೇಟರಿಗೆ ಬಂದರು. ಹತ್ತು ಡಾಲರಿನ ಹುಡುಗಿ ಈಗ ಮುಖ್ಯ ತಾರೆ. ಕಪ್ಪು ಜನರ ಥಿಯೇಟರುಗಳನ್ನು ಒಂದುಗೂಡಿಸಿದ್ದ ಟೋಬಾ ಎಂಬ ಸಂಘದ ಜಾಲದಲ್ಲಿ ಊರೂರು ತಿರುಗಿದರು. ವಾರಕ್ಕೆ 2,000 ಡಾಲರಿನವರೆಗೆ ಗಳಿಸಿದ್ದುಂಟು.

1925ರಲ್ಲಿ ಅವರಿಗೆ ಸ್ವಂತ ರೈಲು ಬೋಗಿ ಬಂತು, ಹಳದಿ ಬಣ್ಣದ್ದು. ಶೋಕಿಗೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ದಕ್ಷಿಣದ ಹೋಟೆಲುಗಳಲ್ಲಿ ಕಪ್ಪು ಜನರಿಗೆ ರೂಮು ಇರಲಿಲ್ಲ. ಬೋಗಿಯಲ್ಲಿ ಇಡೀ ಕಂಪನಿ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು, ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಅಕ್ಕ ವಯೋಲಾ ಮತ್ತು ಮನೆಯವರನ್ನೆಲ್ಲ ಅವರು ಫಿಲಡೆಲ್ಫಿಯಾಕ್ಕೆ ಕರೆಸಿಕೊಂಡು ಸಾಕಿದರು.

ಚಾಟನೂಗಾದಲ್ಲಿ ಈಗ ಅವರ ನೆನಪಿಗೆ ಏನಿದೆ?

ಅವರ ಹೆಸರಿನ ಸಾಂಸ್ಕೃತಿಕ ಕೇಂದ್ರ ಇದೆ. ಮೊದಲು ಒಂಬತ್ತನೇ ಬೀದಿ ಎನ್ನುತ್ತಿದ್ದ ಕಪ್ಪು ಜನರ ದೊಡ್ಡ ರಸ್ತೆಯಲ್ಲಿದೆ. ಆ ರಸ್ತೆಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಹೆಸರು.

ಮೊದಲ ಸಲ ಕೇಳುವವರು ಎಲ್ಲಿಂದ ಶುರು ಮಾಡಬೇಕು?

'ಡೌನ್‌ಹಾರ್ಟೆಡ್ ಬ್ಲೂಸ್'. 1923ರ ಧ್ವನಿಮುದ್ರಣಗಳು 2024ರ ಜನವರಿ 1ರಿಂದ ಅಮೆರಿಕದಲ್ಲಿ ಎಲ್ಲರ ಸ್ವತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ರೆಕಾರ್ಡುಗಳ ಪಟ್ಟಿ ಶುರು ಮಾಡಿದ್ದು 2002ರಲ್ಲಿ. ಮೊದಲ ಪಟ್ಟಿಯಲ್ಲೇ ಈ ಹಾಡು ಇದೆ.

ಅದಾದ ಮೇಲೆ 'ಸೇಂಟ್ ಲೂಯಿಸ್ ಬ್ಲೂಸ್'. ಡಬ್ಲ್ಯೂ.ಸಿ. ಹ್ಯಾಂಡಿ ಅವರ ಹಾಡು, ರೆಕಾರ್ಡ್ ಆದದ್ದು 1925ರ ಜನವರಿ 14. ಹಾರ್ಮೋನಿಯಂ ನುಡಿಸಿದವರು ಫ್ರೆಡ್ ಲಾಂಗ್‌ಶಾ. ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯ ಊದಿದವರು ಲೂಯಿ ಆರ್ಮ್‌ಸ್ಟ್ರಾಂಗ್, ಆಗ ಇಪ್ಪತ್ತಮೂರು ವರ್ಷದ ಹುಡುಗ. ಬೆಸ್ಸಿ ಒಂದು ಸಾಲು ಹಾಡಿ ಬಿಡುತ್ತಾರೆ, ಉಳಿದ ಜಾಗದಲ್ಲಿ ಕಾರ್ನೆಟ್ ಮೆಲ್ಲಗೆ ಮಾತಾಡುತ್ತದೆ. ಹಾರ್ಮೋನಿಯಂ ಗೊತ್ತಿರುವ ಕಿವಿಗೆ ಈ ರೆಕಾರ್ಡ್ ಪರಕೀಯ ಅನ್ನಿಸುವುದೇ ಇಲ್ಲ.

ಇಂಗ್ಲಿಷ್ ಸಾಹಿತ್ಯ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ. ರಾತ್ರಿ ಮನೆ ತಣ್ಣಗಾದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಎರಡು ಸಲ ಕೇಳಿ. ಮೊದಲ ಸಲ ಗೊರಗೊರ ಸದ್ದಿಗೆ ಕಿವಿ ಹೊಂದಿಕೊಳ್ಳಲಿ. ಎರಡನೇ ಸಲ ಬೆಸ್ಸಿ ಮಾತ್ರ ಕೇಳಿಸುತ್ತಾರೆ.